ಮೂರನೆಯ ರಾತ್ರಿಯ ಹೊಂಚು

ಕ್ಲಾಂಪ್ ಬಿಚ್ಚಿದರು. ಒಂದು ಗಂಟೆಗೂ ಮೇಲೆ ಅಲ್ಲಾಡದೆ ಬಿದ್ದಿದ್ದ ಹೃದಯದೊಳಕ್ಕೆ ಬಿಸಿ ರಕ್ತ ನುಗ್ಗಿತು.

ಏನೂ ಆಗಲಿಲ್ಲ.

ಥಿಯೇಟರಿನಲ್ಲಿ ಮಾತಿಲ್ಲ. ಹಾರ್ಟ್‌ಲಂಗ್ ಮಷೀನಿನ ರೋಲರು ತಿರುಗುವ ಸದ್ದೊಂದೇ. ಪೊಟ್ಯಾಸಿಯಂ ಬೆರೆಸಿದ ತಣ್ಣನೆ ದ್ರಾವಣ ಇಷ್ಟು ಹೊತ್ತು ಆ ಸ್ನಾಯುವನ್ನು ಕಟ್ಟಿಹಾಕಿತ್ತು. ಈಗ ಅದು ತೊಳೆದು ಹೋಗಬೇಕು. ಹತ್ತು ಸೆಕೆಂಡು. ಇಪ್ಪತ್ತು. ಒಂದು ಮೂಲೆ ಮಿಸುಕಿತು. ಇನ್ನೊಂದು ಮಿಸುಕಿತು. ಇಡೀ ಮುಷ್ಟಿ ಒಮ್ಮೆ ಬಿಗಿದು ಬಿಟ್ಟಿತು. ಮತ್ತೊಮ್ಮೆ. ಮತ್ತೊಮ್ಮೆ. ಮಾನಿಟರಿನ ಹಸಿರು ಗೆರೆ ಎದ್ದು ನಡೆಯತೊಡಗಿತು. ಕಾಲಿನಿಂದ ಬಿಡಿಸಿ ತಂದ ರಕ್ತನಾಳ ಎರಡು, ಎದೆಗೂಡಿನ ಒಳಗೋಡೆಯಿಂದ ಇಳಿಸಿದ್ದು ಒಂದು, ಮೂರೂ ತುಂಬಿಕೊಂಡು ಮಿಡಿದವು. ಸರ್ಜನ್ ಮಾಸ್ಕಿನೊಳಗೇ ದೊಡ್ಡ ಉಸಿರು ಬಿಟ್ಟರು.

ಹೊರಗೆ ಕಾದಿದ್ದ ಮಗಳಿಗೆ ಹೇಳಿದರು: "ಆಪರೇಷನ್ ಚೆನ್ನಾಗಿ ಆಗಿದೆಯಮ್ಮ. ಇನ್ನು ಮೂರು ನಾಲ್ಕು ದಿನ ನೋಡಿಕೊಂಡುಬಿಟ್ಟರೆ ಆಯ್ತು."

ಆ ಮೂರು ನಾಲ್ಕು ದಿನದ ಕಥೆ ಇದು.

ಮೊದಲೇ ಹೇಳಿಬಿಡುತ್ತೇನೆ: ಈ ರೋಗಿ ಒಬ್ಬರಲ್ಲ. ಬೈಪಾಸ್ ವಾರ್ಡುಗಳಲ್ಲಿ ದಿನವೂ ನಡೆಯುವುದನ್ನೆಲ್ಲ ಒಂದೇ ಮೈಗೆ ತಂದು ಕಟ್ಟಿದ ಮನುಷ್ಯ. ವಯಸ್ಸು 68. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಹಳೇ ಬಿಪಿ. ನಲವತ್ತು ವರ್ಷ ಸೇದಿ ಬಿಟ್ಟ ಬೀಡಿ, ಬೀಡಿ ಬಿಟ್ಟರೂ ಬಿಡದ ಕೆಮ್ಮು ಮತ್ತು ದಮ್ಮು. ಯಜಮಾನರು ಎಂದು ಕರೆಯೋಣ. ಅವರು ಮಲಗಿರುವ ಬೆಂಗಳೂರಿನ ಐಸಿಯುವೂ, ಅಲ್ಲಿನ ಜನರೂ ಹೀಗೇ ಕಟ್ಟಿದವರು. ಕಥೆಯ ನಡುವೆ ಹೆಸರು ಹಿಡಿದು ಹೇಳುವ ವೈದ್ಯರು, ಇಸವಿಗಳು, ಸಂಶೋಧನೆಯ ಅಂಕಿಗಳು ಮಾತ್ರ ಕಟ್ಟಿದ್ದಲ್ಲ.

ಸೋಮವಾರ ಸಂಜೆ. ಯಜಮಾನರ ಬಾಯಲ್ಲಿ ಟ್ಯೂಬು, ಕುತ್ತಿಗೆಯಲ್ಲಿ ಲೈನು, ಎದೆಯ ಕೆಳಗೆ ಎರಡು ಡ್ರೈನು, ಹೊಟ್ಟೆಯ ಮೇಲ್ಭಾಗದಿಂದ ಹೊರಬಂದ ತೆಳ್ಳನೆ ಪೇಸಿಂಗ್ ವೈರು. ಕಟ್ಟಿಕೊಂಡಿದ್ದ ನಾಳಗಳನ್ನು ದಾಟಿ ಹೊಸ ದಾರಿಯಲ್ಲಿ ರಕ್ತ ಹರಿಯುತ್ತಿದೆ. ಇನ್ನೇನು ಭಯ?

ಭಯ ಮೇಲಿನ ಕೋಣೆಗಳಲ್ಲಿದೆ.

ಹೃದಯದ ತಾಳ ಹುಟ್ಟುವುದು ಬಲ ಹೃತ್ಕರ್ಣದ ನೆತ್ತಿಯಲ್ಲಿ, ಸೈನಸ್ ನೋಡ್ ಎಂಬ ಚಿಕ್ಕ ಜಾಗದಲ್ಲಿ. ಅಲ್ಲಿಂದ ನಿಮಿಷಕ್ಕೆ 60ರಿಂದ 100 ಬಾರಿ ಅಪ್ಪಣೆ ಹೊರಡುತ್ತದೆ. ಮೇಲಿನ ಎರಡು ಕೋಣೆ ಒಟ್ಟಿಗೆ ಹಿಂಡುತ್ತವೆ, ಮರುಕ್ಷಣ ಕೆಳಗಿನ ಎರಡು ಹಿಂಡುತ್ತವೆ. ಏಟ್ರಿಯಲ್ ಫಿಬ್ರಿಲೇಷನ್, ವಾರ್ಡಿನ ಮಾತಿನಲ್ಲಿ ಎಎಫ್, ಬಂತೆಂದರೆ ಅಪ್ಪಣೆ ಕೊಡುವವರು ನೂರು ಜನ ಆಗುತ್ತಾರೆ. ನಿಮಿಷಕ್ಕೆ 350, 400, 600 ಕಿಡಿ. ಮೇಲಿನ ಕೋಣೆ ಹಿಂಡುವುದಿಲ್ಲ, ಬರೀ ನಡುಗುತ್ತದೆ. ಎದೆ ತೆರೆದಾಗ ಅದನ್ನು ಕಣ್ಣಾರೆ ಕಂಡ ಸರ್ಜನ್‌ಗಳು ಹುಳು ತುಂಬಿದ ಚೀಲದ ಹಾಗೆ ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ನಡುವಿನ ಎವಿ ನೋಡ್ ಎಂಬ ಕಾವಲುಗಾರ ಆ ಕಿಡಿಗಳಲ್ಲಿ ಬಹುಪಾಲು ತಡೆದರೂ ಕೆಳಗಿನ ಕೋಣೆಗಳು 140, 150, 160ಕ್ಕೆ ಓಡತೊಡಗುತ್ತವೆ, ತಾಳವಿಲ್ಲದೆ. ಬಿಪಿ ಇಳಿಯುತ್ತದೆ. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಲ್ಲುತ್ತದೆ, ಹೆಪ್ಪುಗಟ್ಟುತ್ತದೆ, ಒಂದು ಚೂರು ಕಿತ್ತು ಮಿದುಳಿಗೆ ಹೊರಟರೆ ಲಕ್ವ.

ಬೈಪಾಸ್ ಆದವರಲ್ಲಿ ಇದು ಅಪರೂಪವೇ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋಸೆಫ್ ಮ್ಯಾಥ್ಯೂ ಮತ್ತು ಜೊತೆಗಾರರು 17 ದೇಶಗಳ 70 ಆಸ್ಪತ್ರೆಗಳ 4,657 ಬೈಪಾಸ್ ರೋಗಿಗಳನ್ನು ಹಿಂಬಾಲಿಸಿದರು. ಫಲಿತಾಂಶ 2004ರಲ್ಲಿ ಹೊರಬಂತು. ಶೇಕಡಾ 32 ಜನಕ್ಕೆ ಎಎಫ್. ಸಾಲಾಗಿ ಮಲಗಿದ ಮೂವರಲ್ಲಿ ಒಬ್ಬರ ಮೇಲೆ ಅದು ಎರಗುತ್ತದೆ. ಎರಗುವ ಹೊತ್ತೂ ಹೆಚ್ಚುಕಡಿಮೆ ಗೊತ್ತು: ಆಪರೇಷನ್ ಆದ ಎರಡನೆಯಿಂದ ನಾಲ್ಕನೆಯ ದಿನದೊಳಗೆ.

ಯಾವಾಗ ಎಂದು ಗೊತ್ತು. ಎಷ್ಟು ಜನಕ್ಕೆ ಎಂದು ಗೊತ್ತು. ಯಾರಿಗೆ?

ಇಲ್ಲಿಂದ ಬೇಟೆ ಶುರು.

ಈ ಶತ್ರುವಿನ ಮುಖವನ್ನು ಕಾಗದದ ಮೇಲೆ ಹಿಡಿಯುವುದಕ್ಕೇ ದೊಡ್ಡ ಸಾಹಸ ಬೇಕಾಗಿತ್ತು. ಹಾಲೆಂಡಿನ ಲೈಡನ್‌ ಊರಿನಲ್ಲಿ ವಿಲ್ಲೆಮ್ ಐಂಟ್‌ಹೋವನ್ ಕಟ್ಟಿದ ಮೊದಲ ಇಸಿಜಿ ಯಂತ್ರದ ತೂಕ ಸುಮಾರು 270 ಕೆ.ಜಿ.; ನಡೆಸಲು ಐದು ಜನ. ಯಂತ್ರವನ್ನು ಆಸ್ಪತ್ರೆಗೆ ಹೊರುವಂತಿಲ್ಲ, ಎದ್ದು ಬರಲಾಗದ ರೋಗಿಯನ್ನು ಯಂತ್ರಕ್ಕೆ ತರುವಂತಿಲ್ಲ. ಆತ ಏನು ಮಾಡಿದ? ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ಟೆಲಿಫೋನ್ ತಂತಿಯಲ್ಲೇ ಹೃದಯದ ವಿದ್ಯುತ್ತನ್ನು ಹರಿಸಿಬಿಟ್ಟ. ರೋಗಿ ಅಲ್ಲಿ ಉಪ್ಪುನೀರಿನ ಜಾಡಿಯಲ್ಲಿ ಕೈಕಾಲು ಅದ್ದಿ ಕುಳಿತಿದ್ದರೆ, ಇಲ್ಲಿ ಯಂತ್ರದೊಳಗಿನ ತಂತಿಯ ನೆರಳು ಫೋಟೊ ಫಲಕದ ಮೇಲೆ ಕುಣಿಯುತ್ತಿತ್ತು. 1906ರಲ್ಲಿ ಆತ ಪ್ರಕಟಿಸಿದ ಗೆರೆಗಳಲ್ಲಿ ಒಂದು ಎಲ್ಲೂ ಸಮನಾಗಿ ಬೀಳದ ನಾಡಿಯದು. ಅದು ಏನೆಂದು ಲಂಡನ್ನಿನ ಥಾಮಸ್ ಲೂಯಿಸ್ 1909ರಲ್ಲಿ ಬಿಡಿಸಿ ಹೇಳಿದ: ಕೆಡುಕು ಇರುವುದು ಮೇಲಿನ ಕೋಣೆಯಲ್ಲಿ.

ಮದ್ದು ಸಿಕ್ಕಿದ್ದಂತೂ ಇನ್ನೂ ವಿಚಿತ್ರ. 1912ರಲ್ಲಿ ಕಾರೆಲ್ ವೆಂಕೆಬಾಖ್ ಎಂಬ ವೈದ್ಯನ ಬಳಿಗೆ ಒಬ್ಬ ಡಚ್ ವ್ಯಾಪಾರಿ ಬಂದ. ನಾಡಿ ತಪ್ಪಿದೆ. ವೈದ್ಯ ಕೈಚೆಲ್ಲಿದ. ನಾಳೆ ಸರಿ ಮಾಡಿಕೊಂಡು ಬರುತ್ತೇನೆ ಎಂದು ಹೋದ ವ್ಯಾಪಾರಿ ಮರುದಿನ ನೆಟ್ಟಗಿನ ನಾಡಿಯೊಂದಿಗೆ ಬಂದು ನಿಂತ! ನುಂಗಿದ್ದು ಒಂದು ಗ್ರಾಂ ಕ್ವಿನೈನ್. ಮಲೇರಿಯಾ ಜ್ವರದಲ್ಲಿ ಬೆಂದ ಮಲೆನಾಡಿಗೆ ಆ ಕಹಿಯ ಪರಿಚಯ ಬೇರೆ ಹೇಳಬೇಕಿಲ್ಲ. ಯಜಮಾನರ ತಂದೆಯ ಕಾಲದಲ್ಲಿ ಅದು ಮನೆಮನೆಯ ಮಾತ್ರೆ. ಅದರ ಅಣ್ಣನಂಥ ಕ್ವಿನಿಡಿನ್ ಮುಂದೆ ಬಹಳ ವರ್ಷ ಹೃದಯದ ತಾಳ ತಿದ್ದುವ ಮದ್ದಾಯಿತು.

ಆಮೇಲೆ ಬೈಪಾಸ್ ಬಂತು. ಅರ್ಜೆಂಟೀನಾದ ಹುಲ್ಲುಗಾವಲಿನ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷ ಡಾಕ್ಟರಾಗಿದ್ದ ರೆನೆ ಫವಲೊರೊ ಅಮೆರಿಕಕ್ಕೆ ಹೋಗಿ, 1967ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕಾಲಿನ ರಕ್ತನಾಳ ಹೊಲಿದು ಹೃದಯಕ್ಕೆ ಹೊಸ ದಾರಿ ಮಾಡಿದ. 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಭಾರತದ ಮೊದಲ ಬೈಪಾಸ್ ಮಾಡಿದರು. ದಾರಿ ಸಲೀಸಾಯಿತು, ಲಕ್ಷಗಟ್ಟಲೆ ಜನ ನಡೆದರು, ಹಳೆಯ ಶತ್ರು ಅದೇ ದಾರಿಯ ಎರಡನೇ ಮೂರನೇ ದಿನದ ತಿರುವಿನಲ್ಲಿ ಹೋಗಿ ಕುಳಿತ.

ಮಂಗಳವಾರ. ಟ್ಯೂಬು ತೆಗೆದರು. ಯಜಮಾನರು ಮಾತಾಡಿದರು. ಮೊದಲ ಮಾತು, "ಬಾಯಿ ಒಣಗ್ತು ಮಾರಾಯ್ರೆ." ಸಿಸ್ಟರ್ ಒದ್ದೆ ಹತ್ತಿ ತುಟಿಗೆ ಒತ್ತಿದರು. ಮಧ್ಯಾಹ್ನ ಕುರ್ಚಿಯಲ್ಲಿ ಕೂರಿಸಿದರು. ಎಲ್ಲ ಚೆಂದ. ಆದರೆ ಬಿಪಿ ಸ್ವಲ್ಪ ಕೆಳಗಿದೆ. 104, 98, 96. ವರ್ಷಗಟ್ಟಲೆಯಿಂದ ಬೆಳಗ್ಗೆ ನುಂಗುತ್ತಿದ್ದ ಮೆಟೊಪ್ರೊಲಾಲ್ ಮಾತ್ರೆಯನ್ನು ಕೊಡಲಿಲ್ಲ. ಕೊಟ್ಟರೆ ಬಿಪಿ ಇನ್ನೂ ಬೀಳುತ್ತದೆ.

ಅಲ್ಲೇ ಒಂದು ಬಾಗಿಲು ತೆರೆದುಕೊಂಡಿತು.

ಮ್ಯಾಥ್ಯೂ ತಂಡ ಹುಡುಕಿದ ಅಪಾಯದ ಪಟ್ಟಿಯಲ್ಲಿ ಮೊದಲನೆಯದು ವಯಸ್ಸು. ಹತ್ತು ವರ್ಷ ಕೂಡಿದ ಹಾಗೆಲ್ಲ ಸಾಧ್ಯತೆ ಮುಕ್ಕಾಲು ಪಾಲು ಏರುತ್ತದೆ. ಹಿಂದೊಮ್ಮೆ ಎಎಫ್ ಬಂದಿದ್ದರೆ ಅಪಾಯ. ಶ್ವಾಸಕೋಶದ ಹಳೇ ಕಾಯಿಲೆ ಇದ್ದರೆ ಅಪಾಯ. ಜೊತೆಗೆ ವಾಲ್ವಿನ ಆಪರೇಷನ್ ಆದರೆ ಅಪಾಯ. ನುಂಗುತ್ತಿದ್ದ ಬೀಟಾ ಬ್ಲಾಕರ್ ಮಾತ್ರೆಯನ್ನು ಆಪರೇಷನ್ ಆದಮೇಲೆ ನಿಲ್ಲಿಸಿದರೂ ಅಪಾಯ. ಮೆಟೊಪ್ರೊಲಾಲ್ ಆ ಜಾತಿಯದೇ. ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತಿರುವ ಹೊತ್ತಿಗೆ ಲಗಾಮು ಸಡಿಲಿಸಿದಂತಾಗುತ್ತದೆ.

ಯಜಮಾನರಿಗೆ ವಯಸ್ಸಿದೆ, ದಮ್ಮಿದೆ, ಮಾತ್ರೆ ನಿಂತಿದೆ. ಎಕೋದಲ್ಲಿ ಎಡ ಹೃತ್ಕರ್ಣ ತುಸು ಹಿಗ್ಗಿದೆ, ಬಿಪಿಯ ಬಳುವಳಿ. ಅಂಕ ಕೂಡಿಸಿದರೆ ಹೆಚ್ಚು ಅಪಾಯದ ಗುಂಪು. ಹಾಗಾದರೆ ಇವರಿಗೆ ಬಂದೇ ಬರುತ್ತದೆಯೇ?

ಇಲ್ಲೇ ಭವಿಷ್ಯ ನುಡಿಯುವವರ ನಾಲಿಗೆ ತಡವರಿಸುವುದು. ಎಎಫ್ ಬಂದವರೊಬ್ಬರು, ಬಾರದವರೊಬ್ಬರು, ಹೀಗೆ ನೂರು ಜೋಡಿ ನಿಲ್ಲಿಸಿ, ಬಂದವರು ಯಾರೆಂದು ಮ್ಯಾಥ್ಯೂ ತಂಡದ ಈ ಅಂಕದ ಸೂತ್ರವನ್ನು ಕೇಳಿದರೆ 77 ಜೋಡಿಗಳಲ್ಲಿ ಸರಿಯಾಗಿ ಬೆರಳು ತೋರಿಸುತ್ತದೆ. ಕಣ್ಣು ಮುಚ್ಚಿ ತೋರಿಸಿದರೂ 50 ಸರಿಯಾಗುತ್ತದೆ. ಮುಂದೆ ಯುರೋಪಿನ ಮೂರು ಕೇಂದ್ರಗಳ 17,262 ರೋಗಿಗಳ ದಾಖಲೆ ಹಿಡಿದು ಇನ್ನೊಂದು ಸೂತ್ರ ಬಂತು, 2014ರಲ್ಲಿ. ಅದೂ ದೊಡ್ಡ ಜಿಗಿತವೇನಲ್ಲ. ಅದಕ್ಕೂ ಮೊದಲು, 1993ರಲ್ಲಿ, ನ್ಯೂಯಾರ್ಕಿನವರು ಇಸಿಜಿಯ ಪುಟ್ಟ ಪಿ ಅಲೆಯ ಮೇಲೆ ಕಣ್ಣಿಟ್ಟಿದ್ದರು: ಮೇಲಿನ ಕೋಣೆಯುದ್ದಕ್ಕೂ ವಿದ್ಯುತ್ ಹಾಯಲು 140 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ ಎಂದರು. ಬರುವವರನ್ನು ಬಹುಪಾಲು ಹಿಡಿಯಿತು, ಬಾರದವರನ್ನೂ ರಾಶಿ ರಾಶಿ ಹಿಡಿಯಿತು.

ಸುಳ್ಳು ಎಚ್ಚರಿಕೆಯಿಂದ ನಷ್ಟವೇನು, ಎಲ್ಲರಿಗೂ ಮದ್ದು ಕೊಟ್ಟುಬಿಡಿ ಎನ್ನಬಹುದು. ಮದ್ದು ಇದೆ. ಕೆನಡಾದಲ್ಲಿ 601 ಜನರಿಗೆ ಆಪರೇಷನ್ನಿಗೆ ಆರು ದಿನ ಮುಂಚಿನಿಂದ ಆರು ದಿನ ನಂತರದವರೆಗೆ, ಅರ್ಧ ಜನಕ್ಕೆ ಅಮಿಯೊಡರೋನ್, ಅರ್ಧಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿದರು. ತಾಳ ತಪ್ಪಿದವರು ಶೇಕಡಾ 29.5ರಿಂದ 16.1ಕ್ಕೆ ಇಳಿದರು. 2005ರ ಮಾತು. ಆದರೆ ಅಮಿಯೊಡರೋನ್ ಬಲು ಹಟಮಾರಿ ಔಷಧ: ನಾಡಿಯನ್ನು ಅತಿಯಾಗಿ ಇಳಿಸಬಲ್ಲದು, ಹೆಚ್ಚು ದಿನ ತಿಂದರೆ ಥೈರಾಯ್ಡ್, ಶ್ವಾಸಕೋಶ, ಯಕೃತ್ತು ಎಲ್ಲಕ್ಕೂ ಕೈಹಾಕುತ್ತದೆ. ಮೊದಲೇ ದಮ್ಮಿರುವ ಯಜಮಾನರಂಥವರಿಗೆ ಬರೆಯುವಾಗ ಡಾಕ್ಟರ ಪೆನ್ನು ಒಂದು ಕ್ಷಣ ತಡೆಯುತ್ತದೆ. ಬಾರದಿರುವ ಇಬ್ಬರಿಗೂ ಅದನ್ನು ತಿನ್ನಿಸುವುದೇಕೆ? ಅದಕ್ಕೇ ಯಾರಿಗೆ ಎಂದು ತಿಳಿಯಬೇಕು.

ಬುಧವಾರ. ಹಗಲು ನಿರಾಳ. ಯಜಮಾನರು ಇಡ್ಲಿ ತಿಂದರು, ಚಟ್ನಿಗೆ ಉಪ್ಪಿಲ್ಲ ಎಂದು ಬೈದರು. ಮಗಳಿಗೆ ಧೈರ್ಯ ಬಂತು. "ಅಪ್ಪಯ್ಯ ಬೈತಿದಾರೆ ಅಂದ್ರೆ ಹುಷಾರಾಗಿದಾರೆ."

ರಾತ್ರಿ ಹನ್ನೊಂದಕ್ಕೆ ಸಿಸ್ಟರ್ ಒಂದು ಸಂಗತಿ ಗುರುತಿಸಿದರು. ನೆಟ್ಟಗೆ ಸಾಗುತ್ತಿದ್ದ ಗೆರೆಯಲ್ಲಿ ಆಗೊಮ್ಮೆ ಈಗೊಮ್ಮೆ ಹೊತ್ತಿಗೆ ಮುಂಚೆ ನುಸುಳುವ ಮಿಡಿತ. ನಿಮಿಷಕ್ಕೊಂದು. ಹನ್ನೆರಡೂವರೆಗೆ ನಿಮಿಷಕ್ಕೆ ನಾಲ್ಕು. ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಗೇರ್ ತಂಡ 45 ರೋಗಿಗಳ ಹೃದಯದೊಳಗೆ ತಂತಿ ಇಳಿಸಿ 1998ರಲ್ಲಿ ತೋರಿಸಿದ್ದು ಇಂಥ ಕಳ್ಳ ಮಿಡಿತಗಳ ಮನೆಯನ್ನೇ: ನೂರಕ್ಕೆ 94 ಕಿಡಿಗಳು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳ ಒಳಗೆ ಹುಟ್ಟುತ್ತಿದ್ದವು. ಕಿಡಿ ಬಿದ್ದರೆ ಸಾಲದು, ಹತ್ತಿಕೊಳ್ಳುವ ತರಗೆಲೆಯೂ ಬೇಕು. ಯಜಮಾನರ ಎದೆಯಲ್ಲಿ ಎರಡೂ ಇದ್ದವು.

ಸಿಸ್ಟರ್ ಡ್ಯೂಟಿ ಡಾಕ್ಟರನ್ನು ಕರೆದರು. ರಕ್ತ ಕಳಿಸಿದರು. ಪೊಟ್ಯಾಸಿಯಂ 3.9.

"4.5ಕ್ಕಿಂತ ಮೇಲಿಡಬೇಕು ಅಂತ ಬರೆದಿದೆ. ಡ್ರಿಪ್ ಹಾಕ್ಲಾ ಡಾಕ್ಟ್ರೇ?"

"ಬೇಡ ಸಿಸ್ಟರ್. 3.9 ಸಾಕು."

"ಎಲ್ರಿಗೂ ಹಾಕ್ತೀವಲ್ಲ!"

ಹಾಕುತ್ತಿದ್ದದ್ದು ನಿಜ. ಲೋಕವೆಲ್ಲ ಹಾಕುತ್ತಿತ್ತು. ಮ್ಯಾಥ್ಯೂ ಪಟ್ಟಿಯಲ್ಲೇ, ಪೊಟ್ಯಾಸಿಯಂ ಕೊಟ್ಟವರಿಗೆ ಎಎಫ್ ಕಡಿಮೆ ಬಂದಂತೆ ಕಂಡಿತ್ತು. ಕಂಡದ್ದೆಲ್ಲ ಕಾರಣವಲ್ಲ ಎಂದು ಪರೀಕ್ಷಿಸಲು ಇಪ್ಪತ್ತು ವರ್ಷ ಹಿಡಿಯಿತು. ಬ್ರಿಟನ್ ಮತ್ತು ಜರ್ಮನಿಯ 23 ಆಸ್ಪತ್ರೆಗಳಲ್ಲಿ 1,690 ಬೈಪಾಸ್ ರೋಗಿಗಳು. ಚೀಟಿ ಎತ್ತಿದಂತೆ ಎರಡು ಗುಂಪು. ಒಂದು ಗುಂಪಿಗೆ 4.5ಕ್ಕಿಂತ ಇಳಿದ ತಕ್ಷಣ ಪೊಟ್ಯಾಸಿಯಂ, ಇನ್ನೊಂದಕ್ಕೆ 3.6ಕ್ಕಿಂತ ಇಳಿದರೆ ಮಾತ್ರ. 2024ರಲ್ಲಿ ಲೆಕ್ಕ ಹೊರಬಿತ್ತು: ಮೊದಲ ಗುಂಪಿನಲ್ಲಿ ಎಎಫ್ ಶೇಕಡಾ 26.2, ಎರಡನೆಯದರಲ್ಲಿ 27.8. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಲ್ಲ. ಅಷ್ಟು ವರ್ಷ ಅಷ್ಟು ಜನರ ನಾಳ ಉರಿಸಿದ ಡ್ರಿಪ್ ಬಹುಪಾಲು ನಮ್ಮ ಸಮಾಧಾನಕ್ಕಾಗಿತ್ತು.

ಹೀಗೆ ಕೈಕೊಟ್ಟ ಆಯುಧ ಇದೊಂದೇ ಅಲ್ಲ. ಮೀನೆಣ್ಣೆ ಕೊಟ್ಟು 1,516 ಜನರಲ್ಲಿ ನೋಡಿದರು, 2012ರಲ್ಲಿ. ಶೇಕಡಾ 30 ಮತ್ತು 30.7, ಕೊಟ್ಟರೂ ಅಷ್ಟೇ ಬಿಟ್ಟರೂ ಅಷ್ಟೇ. ಬೀಜಿಂಗಿನಲ್ಲಿ 1,922 ಜನರಿಗೆ ಸ್ಟ್ಯಾಟಿನ್ ಮಾತ್ರೆ ಪರೀಕ್ಷೆ, 2016ರಲ್ಲಿ. ಶತ್ರು ತಲೆಯೆತ್ತಿಯೂ ನೋಡಲಿಲ್ಲ.

ಗುರುವಾರ ಬೆಳಗಿನ ಜಾವ 2:50.

ಅಲಾರಂ.

84 ಇದ್ದದ್ದು 156. ಗೆರೆಯಲ್ಲಿ ಪಿ ಅಲೆ ಮಾಯ. ಮಿಡಿತದಿಂದ ಮಿಡಿತಕ್ಕೆ ಅಂತರ ಒಂದರ ಹಾಗೆ ಒಂದಿಲ್ಲ. ಯಜಮಾನರು ಎದ್ದು ಕೂರಲು ಹೊರಟರು. "ಎದೆಯೊಳಗೆ ಏನೋ ಓಡ್ತಾ ಇದೆ. ಕಣ್ಣು ಕತ್ತಲೆ." ಬೆವರು ಹಣೆಯಿಂದ ಕಿವಿಗೆ ಇಳಿಯಿತು. ಬಿಪಿ 92. ಸಿಸ್ಟರ್ ಒಂದು ಕೈಯಲ್ಲಿ ಅವರ ಭುಜ ಒತ್ತಿ ಮಲಗಿಸಿ, ಇನ್ನೊಂದು ಕೈಯಲ್ಲಿ ಆಕ್ಸಿಜನ್ ಏರಿಸಿದರು. "ಅಜ್ಜ, ಎದೆಗೆ ದಿಂಬು ಒತ್ಕೊಳ್ಳಿ. ಉಸಿರು ನಿಧಾನ. ನಾನಿದ್ದೀನಿ."

ಹನ್ನೆರಡು ಲೀಡಿನ ಇಸಿಜಿ. ಎಎಫ್, ಅನುಮಾನವಿಲ್ಲ. ಅಮಿಯೊಡರೋನ್ 150 ಮಿಲಿಗ್ರಾಂ, ಹತ್ತು ನಿಮಿಷದಲ್ಲಿ, ಕುತ್ತಿಗೆಯ ಲೈನಿಗೆ. ಮೊದಲು ತಡೆದಿದ್ದ ಪೆನ್ನು ಈಗ ತಡೆಯಲಿಲ್ಲ.

3:05. ನಾಡಿ 162. ಬಿಪಿ 84.

3:12. ಬಿಪಿ 74. ಕೈ ತಣ್ಣಗಾಗುತ್ತಿದೆ. ಕರೆದರೆ ಉತ್ತರ ತಡವಾಗಿ ಬರುತ್ತಿದೆ. ಹೊಸದಾಗಿ ಹೊಲಿದ ನಾಳಗಳಲ್ಲಿ ರಕ್ತದ ಒತ್ತಡ ಬಿದ್ದರೆ ಅವು ಮುಚ್ಚಿಕೊಳ್ಳಬಹುದು. ಇನ್ನು ಕಾಯುವಂತಿಲ್ಲ.

"ಶಾಕ್ ರೆಡಿ ಮಾಡಿ."

ಎದೆಗೆ, ಬೆನ್ನಿಗೆ ಪ್ಯಾಡು. ಅರಿವಳಿಕೆಯ ಚಿಕ್ಕ ಡೋಸು. ಯಜಮಾನರ ರೆಪ್ಪೆ ಜೋತಿತು. ಮಷೀನು ಕೂಗುತ್ತ ಚಾರ್ಜಾಯಿತು. ಡ್ಯೂಟಿ ಡಾಕ್ಟರ ಬೆರಳು ಒಂದು ಗುಂಡಿಯ ಮೇಲೆ ಗಕ್ಕನೆ ನಿಂತಿತು: ಸಿಂಕ್ ಒತ್ತಿದೆಯೇ? ಒತ್ತದೆ ಶಾಕ್ ಕೊಟ್ಟು, ಅದು ಕೆಳಕೋಣೆಗಳು ಸುಧಾರಿಸಿಕೊಳ್ಳುವ ಹೊತ್ತಿಗೆ ಬಿದ್ದರೆ ಅಲ್ಲೂ ನಡುಕ ಹತ್ತಿ ಹೃದಯ ನಿಂತೇಹೋದೀತು. ಬಾಸ್ಟನ್ನಿನ ಬರ್ನಾರ್ಡ್ ಲೌನ್ 1960ರ ದಶಕದ ಆರಂಭದಲ್ಲಿ ಬಿಡಿಸಿದ ಒಗಟು ಇದೇ; ಮಿಡಿತದ ತುದಿಗೆ ಹೊಂದಿಸಿಯೇ ವಿದ್ಯುತ್ ಬಿಡಬೇಕೆಂದು ಆತ ತೋರಿಸಿದ. ಪರದೆಯಲ್ಲಿ ಪ್ರತಿ ಮಿಡಿತದ ತಲೆಯ ಮೇಲೂ ಚಿಕ್ಕ ಗುರುತು. ಒತ್ತಿದೆ.

"ಎಲ್ರೂ ದೂರ!"

ಗುಂಡಿ ಅದುಮಿ ಹಿಡಿದರು. ಮಷೀನು ಅರೆಕ್ಷಣ ಕಾಯಿತು, ತನ್ನ ಮಿಡಿತ ಹುಡುಕಿತು. ಧಡ್. ಯಜಮಾನರ ಮೈ ಮಂಚದಿಂದ ಎದ್ದು ಬಿತ್ತು.

ಗೆರೆ ನೇರ. ಒಂದು ಸೆಕೆಂಡು. ಎರಡು.

ಪಿ ಅಲೆ. ಹಿಂದೆಯೇ ಮಿಡಿತ. ಮತ್ತೆ ಪಿ, ಮತ್ತೆ ಮಿಡಿತ. 88. ಬಿಪಿ 102. ಯಾರೋ ನಕ್ಕರು.

ನಾಲ್ಕು ನಿಮಿಷ. ಮತ್ತೆ ಅಲಾರಂ. ಮತ್ತೆ ಅದೇ ಹುಚ್ಚು ಗೆರೆ, 138.

ಶಾಕ್ ಬೆಂಕಿ ಆರಿಸುತ್ತದೆ, ಹೊತ್ತಿಸುವವರನ್ನು ಹಿಡಿಯುವುದಿಲ್ಲ. ಆದರೆ ಈಗ ಒಂದು ವ್ಯತ್ಯಾಸವಿತ್ತು: ಬಿಪಿ 98ರಲ್ಲಿ ನಿಂತಿದೆ, ಅಮಿಯೊಡರೋನ್ ರಕ್ತಕ್ಕೆ ಇಳಿಯುತ್ತಿದೆ. ಮೆಗ್ನೀಸಿಯಂ ಕೊಟ್ಟರು, ನೋವಿನ ಮದ್ದು ಕೊಟ್ಟರು. ಐದು ಗಂಟೆಗೆ 122. ಆರಕ್ಕೆ 108, ತಾಳ ಇನ್ನೂ ಇಲ್ಲ. ಎರಡನೇ ಶಾಕ್ ಬೇಡ, ಕಾಯೋಣ ಎಂದರು ಕನ್ಸಲ್ಟೆಂಟ್ ಫೋನಿನಲ್ಲಿ.

ಬೆಳಗ್ಗೆ ಎಕೋ. ಪ್ರೋಬನ್ನು ಓರೆ ಮಾಡಿದ ವೈದ್ಯೆ ಎಡ ಹೃತ್ಕರ್ಣದ ಬೆನ್ನ ಹಿಂದೆ ಬೆರಳಿಟ್ಟರು. ಅಲ್ಲೊಂದು ಕಪ್ಪು ಪಟ್ಟಿ. ರಕ್ತ. ಹೆಚ್ಚಿಲ್ಲ, ಹೃದಯವನ್ನು ಅದುಮುವಷ್ಟಿಲ್ಲ. ಡ್ರೈನುಗಳು ಮುಂದೆ ಇವೆ. ಹಿಂದೆ ನಿಂತ ರಕ್ತ ಅವುಗಳಿಗೆ ಎಟುಕುವುದಿಲ್ಲ. ನಿಂತ ರಕ್ತ ಒಡೆಯುತ್ತದೆ, ಕಬ್ಬಿಣ ಬಿಡುತ್ತದೆ, ಮೇಲಿನ ಕೋಣೆಯ ತೆಳ್ಳನೆ ಗೋಡೆಯನ್ನು ಉರಿಸುತ್ತದೆ. ಆ ಉರಿ ಏರುವ ಹೊತ್ತು ಯಾವುದು? ಎರಡನೇ, ಮೂರನೇ ದಿನ.

ನ್ಯೂಯಾರ್ಕಿನ ಮಾರಿಯೊ ಗೌಡಿನೊ ಎಂಬ ಸರ್ಜನ್ ಇದಕ್ಕೆ ಉತ್ತರವನ್ನು ಔಷಧದಂಗಡಿಯಲ್ಲಿ ಹುಡುಕಲಿಲ್ಲ. ಎದೆ ಮುಚ್ಚುವ ಮುಂಚೆ ಹೃದಯದ ಚೀಲದ ಹಿಂಗೋಡೆಯಲ್ಲಿ ನಾಲ್ಕೈದು ಸೆಂಟಿಮೀಟರಿನ ಒಂದು ಸೀಳು ಹಾಕಿದ. ಹಿಂದೆ ಇಳಿದ ರಕ್ತ ಎಡ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಹರಿದುಹೋಗಲಿ, ಅಲ್ಲಿಂದ ಡ್ರೈನಿಗೆ ಸಿಗಲಿ. ಆಲೋಚನೆ ಹಳೆಯದೇ, ಗಟ್ಟಿ ಪರೀಕ್ಷೆ ಆತನದು. 420 ರೋಗಿಗಳು, 2021ರಲ್ಲಿ ಪ್ರಕಟ. ಸೀಳು ಹಾಕದವರಲ್ಲಿ ಎಎಫ್ ಶೇಕಡಾ 32. ಹಾಕಿದವರಲ್ಲಿ 17.

ಆ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದುಂಟು. ಅಂಕದ ಪಟ್ಟಿ, ಪಿ ಅಲೆ, ಯಾರಿಗೆ ಯಾರಿಗೆ ಎಂದು ದಶಕಗಟ್ಟಲೆ ಕೇಳಿದ್ದು. ಆ ಸೀಳಿಗೆ ಅದ್ಯಾವುದೂ ಬೇಕಾಗಲಿಲ್ಲ. ಎಲ್ಲಿಂದ ಬರುತ್ತದೆ ಎಂದು ಕೇಳಿದವನಿಗೆ ಯಾರಿಗೆ ಎಂಬ ಪ್ರಶ್ನೆಯೇ ಅರ್ಧ ಕರಗಿಹೋಯಿತು. ಹಾಗೆಂದು ಭವಿಷ್ಯಕಾರರು ಸುಮ್ಮನಾಗಿಲ್ಲ, ಆಗಲೂಬಾರದು: ಉಳಿದ 17 ಯಾರು? ಮೇಯೋ ಕ್ಲಿನಿಕ್‌ನವರು 2019ರಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಜನರ ಇಸಿಜಿಗಳನ್ನು ಕಂಪ್ಯೂಟರಿಗೆ ಉಣ್ಣಿಸಿದರು. ತಾಳ ಸರಿಯಿರುವ ಹತ್ತು ಸೆಕೆಂಡಿನ ಗೆರೆಯನ್ನಷ್ಟೇ ನೋಡಿ ಎಎಫ್ ಇರುವವರನ್ನು ಅದು ಜೋಡಿ ಲೆಕ್ಕದಲ್ಲಿ ನೂರಕ್ಕೆ 87ರಷ್ಟು ಸರಿಯಾಗಿ ಹೆಕ್ಕಿತು. ಅದು ಬೈಪಾಸ್ ವಾರ್ಡಿನ ಪರೀಕ್ಷೆಯಲ್ಲ, ಹೊರಗಿನ ಸಾಮಾನ್ಯ ರೋಗಿಗಳದು. ರಕ್ತ ಹಿಂದೆ ಇಳಿಯುತ್ತಿದೆಯೇ, ಮಾತ್ರೆ ನಿಂತಿದೆಯೇ ಎಂಬುದು ಆ ಗೆರೆಗೆ ಗೊತ್ತಿಲ್ಲ. ಆದರೂ ಮನುಷ್ಯರ ಕಣ್ಣಿಗೆ ಕಾಣದ್ದೇನೋ ಅದಕ್ಕೆ ಕಾಣುತ್ತಿದೆ. ಏನದು ಎಂದು ಅದು ಬಿಡಿಸಿ ಹೇಳುವುದಿಲ್ಲ, ಹಾಗಾಗಿ ನಮಗೆ ಸ್ವಲ್ಪ ಕಿರಿಕಿರಿ.

ಗುರುವಾರ ಮಧ್ಯಾಹ್ನ ಎರಡೂಕಾಲು. ಊಟದ ತಟ್ಟೆ ಎತ್ತುತ್ತಿದ್ದ ಹೊತ್ತು. ಯಾರೂ ಏನೂ ಮಾಡಲಿಲ್ಲ. ಗೆರೆ ತಾನಾಗಿ ನೆಟ್ಟಗಾಯಿತು. 78. ಪಿ ಅಲೆ, ಮಿಡಿತ. ಪಿ ಅಲೆ, ಮಿಡಿತ. ಸಿಸ್ಟರ್ ನಿಂತಲ್ಲೇ ಹತ್ತು ನಿಮಿಷ ನೋಡಿದರು, ಆಮೇಲೆ ಪ್ರಿಂಟ್ ತೆಗೆದು ಫೈಲಿಗೆ ಅಂಟಿಸಿದರು. ಬಿಪಿ ಏರಿತು, ಮೆಟೊಪ್ರೊಲಾಲ್ ವಾಪಸ್ ಬಂತು. ಶುಕ್ರವಾರ ರಾತ್ರಿ ಅರ್ಧ ಗಂಟೆ ಮತ್ತೆ ಬಂದು ಹೋಯಿತು. ಶನಿವಾರ ಇಲ್ಲ. ಭಾನುವಾರ ಇಲ್ಲ.

ಡಿಸ್ಚಾರ್ಜ್ ದಿನ ಮಗಳು ಕೇಳಿದ್ದು ಒಂದೇ: "ಮತ್ತೆ ಬರತ್ತಾ ಡಾಕ್ಟ್ರೇ?"

ಇದಕ್ಕೆ ಉತ್ತರ ಸ್ವಲ್ಪ ಗಟ್ಟಿಯಾಗಿಯೇ ಇದೆ. ಬೈಪಾಸ್ ಅಥವಾ ವಾಲ್ವ್ ಆಪರೇಷನ್ನಿನ ನಂತರ ಎಎಫ್ ಬಂದ 523 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ನಾಡಿಯ ವೇಗ ಮಾತ್ರ ಇಳಿಸಿ, ಇನ್ನೊಂದರ ತಾಳವನ್ನೇ ತಿದ್ದಿ ನೋಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಎರಡಕ್ಕೂ ಹೆಚ್ಚು ಕಡಿಮೆ ಇಲ್ಲ; ಎರಡು ತಿಂಗಳ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ತಾಳ ಸರಿ. ವರ್ಷಗಳ ಮೇಲೆ ಕೆಲವರಿಗೆ ಮರಳುತ್ತದೆ. ಆದ್ದರಿಂದ ಎರಡು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ, ಆಮೇಲೆ ದಿನವಿಡೀ ಇಸಿಜಿ ಬರೆದುಕೊಳ್ಳುವ ಹೋಲ್ಟರ್ ಹಾಕಿ ನೋಡುವುದು. ಡಾಕ್ಟರು ಯಜಮಾನರ ಮೂರು ಬೆರಳನ್ನು ಅವರದೇ ಮಣಿಕಟ್ಟಿನ ಮೇಲೆ ಇಡಿಸಿದರು. "ದಿನಾ ಬೆಳಗ್ಗೆ ಹೀಗೆ ಒಂದು ನಿಮಿಷ. ತಾಳ ತಪ್ಪಿದೆ ಅನ್ನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ನಾಳೆ ಅಂತ ಬಿಡಬೇಡಿ."

"ಅಡಿಕೆ ಕೊನೆ ಕೊಯ್ಲು ಬಂತಲ್ಲ?"

"ಮರ ಹತ್ತೋ ಹಾಗಿಲ್ಲ. ಭಾರ ಎತ್ತೋ ಹಾಗಿಲ್ಲ. ಎದೆಮೂಳೆ ಕೂಡಬೇಕು."

"ಹತ್ತೋದು ಕೊನೆಗಾರ ಮಾರಾಯ್ರೆ, ನಾನಲ್ಲ. ನಾನು ಮನೇಲಿ ಕೂತು ಅಡಿಕೆ ಸುಲೀತೀನಿ."

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಯಾವುದರಲ್ಲಿ ಸುಲಿಯೋದು?"

"ಮೆಟ್ಟುಗತ್ತೀಲಿ. ಇನ್ನೆಂಥದ್ರಲ್ಲಿ?"

"ಈ ಮಾತ್ರೆ ತಿನ್ನೋವಾಗ ಬೆರಳು ಕುಯ್ದರೆ ರಕ್ತ ಬೇಗ ನಿಲ್ಲಲ್ಲ. ಎರಡು ತಿಂಗಳು ಮೆಟ್ಟುಗತ್ತಿ ಮುಟ್ಟಬೇಡಿ."

ಯಜಮಾನರು ಮಗಳ ಮುಖ ನೋಡಿದರು. ಮಗಳು ಆಗಲೇ ಫೋನು ತೆಗೆದು, ಸುಲಿಯೋ ಮಷೀನು ಈ ವರ್ಷ ಬಾಡಿಗೆಗೆ ಸಿಗುತ್ತದೆಯೇ ಎಂದು ಊರಿಗೆ ಕೇಳುತ್ತಿದ್ದಳು.